ಐನೂರು ಜನ ಸೇರಿ ಮೆಕ್ಸಿಕೊ ಗೆದ್ದರಾ?

1513ರಲ್ಲಿ ಸ್ಪೇನ್ ಅರಸರ ಕಾನೂನು ಪಂಡಿತರು ಒಂದು ಕಾಗದ ತಯಾರಿಸಿದರು. ಅದರ ಹೆಸರು ರೆಕೆರಿಮಿಯೆಂತೊ. ನಮ್ಮ ಮಾತಲ್ಲಿ ನೋಟಿಸು ಅಂದುಕೊಳ್ಳಿ. ಅಮೆರಿಕದ ಯಾವುದೇ ಊರಿನ ಮೇಲೆ ಬೀಳುವ ಮೊದಲು ಸ್ಪೇನಿನ ಪಡೆ ಇದನ್ನು ಅಲ್ಲಿನ ಜನರ ಮುಂದೆ ಗಟ್ಟಿಯಾಗಿ ಓದಬೇಕಿತ್ತು.

ಅದರಲ್ಲಿದ್ದ ವಿಷಯ ಇಷ್ಟು. ಭೂಮಿಯನ್ನು ದೇವರು ಸೃಷ್ಟಿಸಿದ. ಅದರ ಮೇಲಿನ ಅಧಿಕಾರವನ್ನು ಸಂತ ಪೀಟರನಿಗೆ ಕೊಟ್ಟ. ಪೀಟರನ ಗಾದಿಯಲ್ಲಿ ಕೂತ ಪೋಪ್ ನಿಮ್ಮ ನೆಲವನ್ನು ನಮ್ಮ ಅರಸರಿಗೆ ಕೊಟ್ಟಿದ್ದಾರೆ. ಒಪ್ಪಿದರೆ ಪ್ರೀತಿಯಿಂದ ನೋಡಿಕೊಳ್ಳುತ್ತೇವೆ. ಒಪ್ಪದಿದ್ದರೆ ಯುದ್ಧ ಮಾಡುತ್ತೇವೆ, ನಿಮ್ಮನ್ನೂ ನಿಮ್ಮ ಹೆಂಡತಿ ಮಕ್ಕಳನ್ನೂ ಗುಲಾಮರನ್ನಾಗಿ ಮಾರುತ್ತೇವೆ. ಆಗುವ ಸಾವುನೋವಿಗೆಲ್ಲ ನೀವೇ ಹೊಣೆ, ನಾವಲ್ಲ.

ಓದುತ್ತಿದ್ದದ್ದು ಸ್ಪ್ಯಾನಿಷ್‌ನಲ್ಲಿ. ಕೇಳುವವರಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಕೆಲವು ಸಲ ಕೇಳುವವರೇ ಇರುತ್ತಿರಲಿಲ್ಲ. ಜನ ಬಿಟ್ಟು ಓಡಿದ ಗುಡಿಸಲುಗಳ ಮುಂದೆ, ಊರಾಚೆಯ ಮರಗಳ ಮಧ್ಯೆ ಓದಿ ಮುಗಿಸಿ, ಆಮೇಲೆ ದಾಳಿ ಮಾಡಿದ್ದುಂಟು. ಈ ಕಾಗದವನ್ನು ಓದಿದಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ ಎಂದು ಬಾರ್ತೊಲೊಮೆ ದೆ ಲಾಸ್ ಕಾಸಾಸ್ ಎಂಬ ಸ್ಪೇನಿನ ಪಾದ್ರಿಯೇ ಬರೆದಿದ್ದಾರೆ.

ಶಾಲೆಯಲ್ಲಿ ನಾವು ಓದಿದ್ದು ಬೇರೆ ಥರ, ಅಲ್ವಾ? ಕೊಲಂಬಸ್ ಅಮೆರಿಕ ಕಂಡುಹಿಡಿದ. ಸ್ಪೇನಿನ ಕೊರ್ಟೆಸ್ ಐನೂರು ಜನರನ್ನು ಕಟ್ಟಿಕೊಂಡು ಮೆಕ್ಸಿಕೊ ಗೆದ್ದ. ಪಿಸಾರೊ ಇನ್ನೂ ಕಡಿಮೆ ಜನರನ್ನು ಕಟ್ಟಿಕೊಂಡು ಪೆರು ಗೆದ್ದ. ಬಂದೂಕು, ಕುದುರೆ, ಧೈರ್ಯ, ಅಷ್ಟೇ. ಲಕ್ಷಾಂತರ ಜನರಿದ್ದ ರಾಜ್ಯಗಳು ಇಷ್ಟೇ ಇಷ್ಟು ಪರದೇಶಿಗಳಿಗೆ ಸೋತವು ಅಂದರೆ, ಆ ಜನ ಪೆದ್ದರೋ ಪುಕ್ಕಲರೋ ಇದ್ದಿರಬೇಕು ಎಂಬ ಭಾವನೆ ನಮಗೆ ಗೊತ್ತಿಲ್ಲದ ಹಾಗೆ ಮನಸ್ಸಿನಲ್ಲಿ ಕೂತುಬಿಡುತ್ತದೆ. ಅದು ಸುಳ್ಳು. ಮೆಕ್ಸಿಕೊ ಗೆದ್ದದ್ದು ಐನೂರು ಜನ ಅಲ್ಲ. ಆ ಯುದ್ಧದಲ್ಲಿ ಹೋರಾಡಿದ ಕೈಗಳಲ್ಲಿ ಬಹುಪಾಲು ಅಲ್ಲಿನವರದ್ದೇ. ಅದು ಹೇಗೆ ಅಂತ ಮೊದಲಿಂದ ನೋಡೋಣ.

ಮೆಣಸು ಹುಡುಕಿ ಹೊರಟವರು

ಯುರೋಪಿನವರು ಅಮೆರಿಕವನ್ನು ಹುಡುಕುತ್ತಿರಲಿಲ್ಲ. ಅಂಥದೊಂದು ಖಂಡ ಇದೆ ಅನ್ನುವುದೇ ಅವರಿಗೆ ಗೊತ್ತಿರಲಿಲ್ಲ. ಸುಮಾರು ಸಾವಿರ ವರ್ಷದ ಹಿಂದೆ ಉತ್ತರ ಯುರೋಪಿನ ನಾರ್ಸ್ ಜನ, ಅಂದರೆ ವೈಕಿಂಗರು, ಈಗಿನ ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ಗೆ ಬಂದು ಮನೆ ಕಟ್ಟಿದ್ದರು, ನಿಜ. ಆದರೆ ಅವರು ಅಲ್ಲಿ ಹೆಚ್ಚು ಕಾಲ ನಿಲ್ಲಲಿಲ್ಲ. ಯುರೋಪಿನವರಿಗೆ ಬೇಕಿದ್ದದ್ದು ನಮ್ಮ ಕಡೆಯ ಕರಿಮೆಣಸು, ಇಂಡೋನೇಷ್ಯಾ ದ್ವೀಪಗಳ ಲವಂಗ ಮತ್ತು ಜಾಯಿಕಾಯಿ, ಚೀನಾದ ರೇಷ್ಮೆ. ಮಲಬಾರಿನಿಂದ ಹಿಡಿದು ಉತ್ತರ ಕನ್ನಡದ ಗೇರುಸೊಪ್ಪೆಯವರೆಗೆ ಘಟ್ಟದ ತಂಪಿನಲ್ಲಿ ಬೆಳೆದ ಮೆಣಸು ಅರಬ್ಬರ ಹಡಗು, ಈಜಿಪ್ಟಿನ ಸುಂಕ, ವೆನಿಸ್ಸಿನ ವ್ಯಾಪಾರಿ ಎಂದು ಕೈಯಿಂದ ಕೈಗೆ ದಾಟುತ್ತಿತ್ತು. ಪ್ರತಿ ಕೈಯಲ್ಲೂ ಬೆಲೆ ಏರುತ್ತಿತ್ತು. ಆ ಮೆಣಸಿಗೆ ಎಷ್ಟು ಬೆಲೆ ಇತ್ತೆಂದರೆ, ಮುಂದೆ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದೇ ಕರೆದರು.

ಮಧ್ಯದವರನ್ನು ಬಿಟ್ಟು ನೇರವಾಗಿ ಇಲ್ಲಿಗೆ ಬರಬೇಕು ಅನ್ನುವುದೇ ಎಲ್ಲರ ಲೆಕ್ಕಾಚಾರ. ಪೋರ್ಚುಗೀಸರು ಆಫ್ರಿಕಾವನ್ನು ಸುತ್ತಿ ಬರಲು ಹೊರಟರು. ಕೊಲಂಬಸ್ ಪಶ್ಚಿಮಕ್ಕೆ ಹೋಗಿ ಪೂರ್ವವನ್ನು ಮುಟ್ಟುತ್ತೇನೆ ಅಂದ. ಪೋರ್ಚುಗಲ್‌ನವರು ಒಪ್ಪಲಿಲ್ಲ. ಸ್ಪೇನ್‌ನ ಪಂಡಿತರೂ ವರ್ಷಗಟ್ಟಲೆ ಒಪ್ಪಲಿಲ್ಲ. ಭೂಮಿ ಚಪ್ಪಟೆ ಎಂದು ಅವರು ನಂಬಿದ್ದರು ಅನ್ನುವುದು ಆಮೇಲೆ ಹುಟ್ಟಿದ ಕಥೆ. ಭೂಮಿ ಗುಂಡಗಿದೆ ಎಂದು ಓದಿದವರಿಗೆಲ್ಲ ಗೊತ್ತಿತ್ತು. ಅವರ ತಕರಾರು ದೂರದ ಬಗ್ಗೆ. ಮತ್ತೆ ಅವರೇ ಸರಿ ಇದ್ದರು. ಕ್ಯಾನರಿ ದ್ವೀಪಗಳಿಂದ ಜಪಾನ್‌ಗೆ ಸುಮಾರು 4,500 ಕಿಲೋಮೀಟರ್ ಎಂದು ಕೊಲಂಬಸ್ ಲೆಕ್ಕ ಹಾಕಿದ್ದ. ನಿಜವಾದ ದೂರ 19,000 ಕಿಲೋಮೀಟರಿಗೂ ಜಾಸ್ತಿ. ಅಷ್ಟು ದೂರಕ್ಕೆ ಬೇಕಾಗುವ ನೀರು, ಆಹಾರವನ್ನು ಅಂದಿನ ಯಾವ ಹಡಗೂ ಹೊರುವಂತಿರಲಿಲ್ಲ. ದಾರಿಯಲ್ಲಿ ಒಂದು ಖಂಡ ಅಡ್ಡ ಸಿಗದೇ ಹೋಗಿದ್ದರೆ ಅವನ ಮೂರು ಹಡಗುಗಳ ಸುದ್ದಿಯೇ ಇರುತ್ತಿರಲಿಲ್ಲ.

1492ರ ಅಕ್ಟೋಬರ್ 12ರಂದು ಅವನು ಬಹಾಮಾಸ್‌ನ ಒಂದು ದ್ವೀಪದಲ್ಲಿ ಇಳಿದ. ಅಲ್ಲಿನವರು ಅದನ್ನು ಗ್ವಾನಹಾನಿ ಅನ್ನುತ್ತಿದ್ದರು. ಅವನು ಸಾನ್ ಸಾಲ್ವದೋರ್ ಎಂದು ಹೆಸರಿಟ್ಟ. ದುಭಾಷಿ ಎಂದು ಅವನು ಕರೆತಂದಿದ್ದ ಲೂಯಿಸ್ ದೆ ತೊರೆಸ್‌ಗೆ ಹೀಬ್ರೂ ಬರುತ್ತಿತ್ತು, ಅರೇಬಿಕ್ ಬರುತ್ತಿತ್ತು. ಏಷ್ಯಾದಲ್ಲಿ ಅರೇಬಿಕ್ ನಡೆಯುತ್ತದೆ ಎಂಬ ಲೆಕ್ಕ. ಎದುರಿಗೆ ನಿಂತವರು ಟೈನೊ ಜನ. ಅವರ ಭಾಷೆಯ ಮಾತುಗಳು ಇಂದು ನಮ್ಮ ಬಾಯಲ್ಲೂ ಇವೆ. ಕರಾವಳಿಯಲ್ಲಿ ಆಲೂಗಡ್ಡೆಗೆ ಬಟಾಟೆ ಅನ್ನುತ್ತಾರೆ. ಅದು ಟೈನೊಗಳು ಸಿಹಿಗೆಣಸಿಗೆ ಹೇಳುತ್ತಿದ್ದ ಬತಾತಾ, ಪೋರ್ಚುಗೀಸರ ಬಾಯಿ ದಾಟಿ ಬಂದದ್ದು.

ಮೆಣಸು ಮಾತ್ರ ಸಿಗಲಿಲ್ಲ. ಸಿಕ್ಕಿದ್ದು ಕೆಂಪಗಿನ, ಬಾಯಿ ಸುಡುವ ಒಂದು ಕಾಯಿ. ಟೈನೊಗಳು ಅದಕ್ಕೆ ಅಹಿ ಅನ್ನುತ್ತಿದ್ದರು. ಇದು ಇವರ ಮೆಣಸು, ನಮ್ಮ ಮೆಣಸಿಗಿಂತ ಮೇಲು ಎಂದು ಕೊಲಂಬಸ್ ತನ್ನ ದಿನಚರಿಯಲ್ಲಿ ಬರೆದ. ಸ್ಪ್ಯಾನಿಷ್‌ನಲ್ಲಿ ಕರಿಮೆಣಸು ಪಿಮಿಯೆಂತಾ. ಈ ಕಾಯಿಯನ್ನು ಅವರು ಪಿಮಿಯೆಂತೊ ಅಂದರು. ಮುಂದಿನ ಶತಮಾನದಲ್ಲಿ ಪೋರ್ಚುಗೀಸರ ಹಡಗಿನಲ್ಲಿ ಅದು ಗೋವಾ ಕಡೆಗೆ ಬಂದಾಗ ಕನ್ನಡಿಗರೂ ಅದನ್ನೇ ಮಾಡಿದರು. ಮೆಣಸಿನ ಹಾಗೆ ಖಾರ ಇದೆ, ಕಾಯಿ ಇದೆ, ಹಾಗಾಗಿ ಮೆಣಸಿನಕಾಯಿ. ಈ ಹೆಸರು ನನಗೆ ತುಂಬಾ ಇಷ್ಟ. ಸಾಗರದ ಆಚೆ ಈಚೆ ಎರಡು ಊರಿನ ಜನ ಪರಸ್ಪರ ಕೇಳದೆ ಒಂದೇ ರೀತಿ ಯೋಚಿಸಿದ್ದು ಅದರಲ್ಲಿದೆ.

ಇನ್ನೊಂದು ಸಂಗತಿ ಇಲ್ಲೇ ಹೇಳಿಬಿಡುತ್ತೇನೆ. 1500ರ ಮಾರ್ಚ್‌ನಲ್ಲಿ ಪೆದ್ರೊ ಅಲ್ವಾರಿಸ್ ಕಬ್ರಾಲ್ 13 ಹಡಗುಗಳ ಜೊತೆ ಲಿಸ್ಬನ್‌ನಿಂದ ಹೊರಟಿದ್ದು ಕಲ್ಲಿಕೋಟೆಗೆ. ಗಾಳಿಯ ದಾರಿ ಹಿಡಿದು ಪಶ್ಚಿಮಕ್ಕೆ ಬಹಳ ದೂರ ಹೋದಾಗ ಏಪ್ರಿಲ್ 22ಕ್ಕೆ ಬ್ರೆಜಿಲ್ ತೀರ ಕಂಡಿತು. ಶಿಲುಬೆ ನೆಟ್ಟು, ಒಂದು ಹಡಗನ್ನು ಸುದ್ದಿ ಕೊಡಲು ವಾಪಸ್ ಕಳಿಸಿ, ಮುಂದೆ ಹೊರಟರು. ದಾರಿಯಲ್ಲಿ ಹಲವು ಹಡಗು ಮುಳುಗಿದವು. ಉಳಿದವು ಆಗಸ್ಟ್‌ನಲ್ಲಿ ಕಾರವಾರದ ಹತ್ತಿರದ ಅಂಜದೀವ್ ದ್ವೀಪದಲ್ಲಿ ನಿಂತು ನೀರು ತುಂಬಿಸಿಕೊಂಡವು. ಅಂದರೆ ಬ್ರೆಜಿಲ್‌ನ ಕಾಡನ್ನು ನೋಡಿದ ಅದೇ ಕಣ್ಣುಗಳು ನಾಲ್ಕು ತಿಂಗಳಲ್ಲಿ ನಮ್ಮ ಘಟ್ಟವನ್ನು ನೋಡಿದವು. ಅಮೆರಿಕದ ವಸಾಹತು ಮತ್ತು ಪಶ್ಚಿಮ ಕರಾವಳಿಯ ಪೋರ್ಚುಗೀಸ್ ಕಾಲ ಎರಡನ್ನೂ ನಾವು ಬೇರೆ ಬೇರೆ ಪಾಠಗಳಲ್ಲಿ ಓದುತ್ತೇವೆ. ಅವು ಒಂದೇ ಪ್ರಯಾಣದ ಎರಡು ನಿಲ್ದಾಣ.

ಮೊದಲ ದ್ವೀಪ

ಸ್ಪೇನಿನವರು ಮೊದಲು ಬೇರು ಬಿಟ್ಟದ್ದು ಹಿಸ್ಪಾನಿಯೋಲಾದಲ್ಲಿ. ಇಂದು ಹೈಟಿ ಮತ್ತು ಡೊಮಿನಿಕನ್ ರಿಪಬ್ಲಿಕ್ ಇರುವ ದ್ವೀಪ. 1493ರಲ್ಲಿ ಕೊಲಂಬಸ್ ಎರಡನೇ ಸಲ ಬಂದಾಗ 17 ಹಡಗುಗಳಿದ್ದವು. ಸಾವಿರಕ್ಕೂ ಹೆಚ್ಚು ಜನ, ಕುದುರೆ, ದನ, ಹಂದಿ, ಕಬ್ಬಿನ ತುಂಡು. ಇದು ನೋಡಿ ಹೋಗಲು ಬಂದವರ ಸಾಮಾನಲ್ಲ. ಇರಲು ಬಂದವರದ್ದು.

ಚಿನ್ನ ಬೇಕಿತ್ತು. 14 ವರ್ಷ ದಾಟಿದ ಪ್ರತಿಯೊಬ್ಬ ಟೈನೊ ಮೂರು ತಿಂಗಳಿಗೊಮ್ಮೆ ಗಿಡುಗದ ಕಾಲಿಗೆ ಕಟ್ಟುವ ಗೆಜ್ಜೆಯಷ್ಟು ಚಿನ್ನದ ಪುಡಿ ತಂದುಕೊಡಬೇಕು ಎಂದು ಚಿನ್ನ ಸಿಗುವ ಸೀಮೆಯಲ್ಲಿ ಆಜ್ಞೆಯಾಯಿತು. ಆ ಗೆಜ್ಜೆಗಳನ್ನು ಸ್ಪೇನಿನವರು ಮೊದಲು ಉಡುಗೊರೆಯಾಗಿ ಹಂಚಿದ್ದರು. ಅದರ ಶಬ್ದ ಟೈನೊಗಳಿಗೆ ಬಹಳ ಇಷ್ಟವಾಗಿತ್ತು. ಈಗ ಅದೇ ಗೆಜ್ಜೆ ತೆರಿಗೆಯ ಅಳತೆಯಾಯಿತು. ನದಿಯ ಮರಳಿನಲ್ಲಿ ಅಷ್ಟು ಚಿನ್ನ ಇರಲಿಲ್ಲ. ಜನ ಹೊಲ ಬಿಟ್ಟು ಗುಡ್ಡ ಹತ್ತಿದರು. ಹೊಲ ಬಿಟ್ಟಾಗ ಹಸಿವು ಬಂತು. 1495ರಲ್ಲಿ ಐನೂರಕ್ಕೂ ಹೆಚ್ಚು ಟೈನೊಗಳನ್ನು ಹಿಡಿದು ಮಾರಲು ಸ್ಪೇನ್‌ಗೆ ಸಾಗಿಸಿದರು. ಸುಮಾರು 200 ಜನ ದಾರಿಯಲ್ಲೇ ಸತ್ತರು.

ಆಮೇಲೆ ಬಂದ ವ್ಯವಸ್ಥೆಯ ಹೆಸರು ಎಂಕೊಮಿಯೆಂದಾ. ನಮ್ಮ ಉಂಬಳಿಯನ್ನು ನೆನಪು ಮಾಡಿಕೊಂಡರೆ ಅರ್ಥವಾಗುತ್ತದೆ. ಆದರೆ ಇಲ್ಲಿ ಉಂಬಳಿ ಕೊಡುತ್ತಿದ್ದದ್ದು ನೆಲವನ್ನಲ್ಲ, ಜನರ ದುಡಿಮೆಯನ್ನು. ಈ ಊರಿನ ಇಷ್ಟು ಜನ ನಿನಗೆ ದುಡಿಯುತ್ತಾರೆ, ನೀನು ಅವರನ್ನು ಕಾಪಾಡಿ ಕ್ರೈಸ್ತ ಧರ್ಮ ಕಲಿಸು ಎಂದು ಒಬ್ಬ ಸ್ಪ್ಯಾನಿಷನಿಗೆ ಬರೆದುಕೊಡುತ್ತಿದ್ದರು. ದುಡಿಸುವ ಭಾಗ ತಪ್ಪದೆ ನಡೆಯಿತು. ಕಾಪಾಡುವ ಭಾಗ ಕಾಗದದಲ್ಲೇ ಉಳಿಯಿತು. 1514ರಲ್ಲಿ ಜನರನ್ನು ಎಣಿಸಿ ಹಂಚಿದಾಗ ದ್ವೀಪದಲ್ಲಿ ಸಿಕ್ಕಿದ್ದು ಸುಮಾರು 26,000 ಟೈನೊಗಳು. 22 ವರ್ಷದ ಹಿಂದೆ ಅಲ್ಲಿ ಲಕ್ಷಗಟ್ಟಲೆ ಜನ ಇದ್ದರು.

ಇಲ್ಲೊಂದು ವಿಷಯ ಗಮನಿಸಬೇಕು. ಅಮೆರಿಕದವರು ಸಿಡುಬಿನಿಂದ ಸತ್ತರು, ಅದಕ್ಕೆ ಯಾರೂ ಹೊಣೆಯಲ್ಲ ಎಂಬ ಮಾತು ಆಗಾಗ ಕೇಳಿಬರುತ್ತದೆ. ಆದರೆ ಸಿಡುಬು ಈ ದ್ವೀಪಕ್ಕೆ ಬಂದದ್ದು 1518ರ ಕೊನೆಗೆ. ಆ ಹೊತ್ತಿಗೆ ಬಹುಪಾಲು ಜನ ಆಗಲೇ ಸತ್ತಿದ್ದರು. ಗಣಿ, ಹಸಿವು, ಗುಲಾಮಗಿರಿ, ಕೈಗೆ ಸಿಕ್ಕಿದವರ ಕೊಲೆ, ಹಡಗಿನಲ್ಲಿ ಬಂದ ಬೇರೆ ರೋಗಗಳು, ಎಲ್ಲ ಸೇರಿ ಆಗಿದ್ದು ಅದು.

ಸ್ಪೇನಿನವರಲ್ಲೇ ಇದನ್ನು ಕಂಡು ಸಹಿಸದವರಿದ್ದರು. 1511ರ ಡಿಸೆಂಬರ್‌ನ ಒಂದು ಭಾನುವಾರ ಸಾಂತೊ ದೊಮಿಂಗೊದ ಚರ್ಚಿನಲ್ಲಿ ಅಂತೋನಿಯೊ ದೆ ಮೊಂತೆಸಿನೊಸ್ ಎಂಬ ಪಾದ್ರಿ ಉಪದೇಶಕ್ಕೆ ನಿಂತರು. ಎದುರಿಗೆ ಊರಿನ ದೊಡ್ಡವರೆಲ್ಲ ಕೂತಿದ್ದರು. ಕೊಲಂಬಸ್‌ನ ಮಗ, ದ್ವೀಪದ ಗವರ್ನರ್ ದಿಯೆಗೊ ಕೂಡ ಇದ್ದ. ಯಾವ ಹಕ್ಕಿನಿಂದ ಈ ಜನರನ್ನು ಇಷ್ಟು ಕ್ರೂರವಾಗಿ ದುಡಿಸುತ್ತೀರಿ, ಇವರು ಮನುಷ್ಯರಲ್ಲವೇ, ಇವರಿಗೆ ಆತ್ಮ ಇಲ್ಲವೇ ಎಂದು ಅವರು ಮುಖಕ್ಕೆ ಹೊಡೆದ ಹಾಗೆ ಕೇಳಿದರು. ಕೂತಿದ್ದವರು ಸಿಟ್ಟಾದರು, ಮುಂದಿನ ವಾರ ಮಾತು ವಾಪಸ್ ತೆಗೆದುಕೊಳ್ಳಬೇಕು ಅಂದರು. ಮುಂದಿನ ಭಾನುವಾರ ಅವರು ಅದನ್ನೇ ಇನ್ನೂ ಗಟ್ಟಿಯಾಗಿ ಹೇಳಿದರು. ಈ ಉಪದೇಶ ನಮಗೆ ಉಳಿದದ್ದು ಲಾಸ್ ಕಾಸಾಸ್ ಅವರ ಬರಹದಿಂದ. ಅವರೂ ಮೊದಲು ಎಂಕೊಮಿಯೆಂದಾ ಇಟ್ಟುಕೊಂಡಿದ್ದವರೇ. 1514ರಲ್ಲಿ ಅದನ್ನು ಬಿಟ್ಟುಕೊಟ್ಟು, ಉಳಿದ ಬದುಕನ್ನೆಲ್ಲ ಇದರ ವಿರುದ್ಧ ಹೋರಾಡಿದರು.

ಸ್ಥಳೀಯರನ್ನು ಹೀಗೆ ದುಡಿಸುವುದಕ್ಕೆ ಕಡಿವಾಣ ಹಾಕಲು 1512ರಲ್ಲಿ ಸ್ಪೇನ್ ಅರಮನೆಯಿಂದ ಬುರ್ಗೋಸ್ ಕಾನೂನು ಬಂತು. 1542ರಲ್ಲಿ ಇನ್ನೂ ಬಿಗಿಯಾದ ಹೊಸ ಕಾನೂನು ಬಂತು. ಎರಡೂ ಕಾನೂನಿಗೆ ಒಂದೇ ಗತಿಯಾಯಿತು. ಅರಮನೆ ಇದ್ದದ್ದು ಎರಡು ತಿಂಗಳ ಹಡಗಿನ ದಾರಿಯಲ್ಲಿ. ಗಣಿ ಇದ್ದದ್ದು ಕಣ್ಣೆದುರಿಗೆ.

ಟ್ಲಾಸ್ಕಾಲಾದ ಉಪ್ಪು

ಈಗ ಐನೂರು ಜನರ ವಿಷಯ. ಎರ್ನಾನ್ ಕೊರ್ಟೆಸ್ 1519ರ ಫೆಬ್ರವರಿಯಲ್ಲಿ ಕ್ಯೂಬಾದಿಂದ ಹೊರಟಾಗ ಅವನ ಜೊತೆ 11 ಹಡಗು, ಐನೂರರಷ್ಟು ಸೈನಿಕರು, ನೂರರಷ್ಟು ನಾವಿಕರು, 16 ಕುದುರೆ ಇದ್ದವು. ಕ್ಯೂಬಾದ ಗವರ್ನರ್ ಕೊನೆ ಗಳಿಗೆಯಲ್ಲಿ ಬೇಡ ಅಂದಿದ್ದ. ಅವನು ಕೇಳದೆ ಹೊರಟ.

ನನ್ನ ಪ್ರಕಾರ ಈ ಕಥೆಯ ಮುಖ್ಯ ವ್ಯಕ್ತಿ ಕೊರ್ಟೆಸ್ ಅಲ್ಲ. ತಬಾಸ್ಕೊ ತೀರದಲ್ಲಿ ಒಂದು ಕಾಳಗದಲ್ಲಿ ಸೋತ ಮಾಯಾ ಜನ ಅವನಿಗೆ 20 ಹೆಣ್ಣುಮಕ್ಕಳನ್ನು ಒಪ್ಪಿಸಿದರು. ಅವರಲ್ಲಿ ಒಬ್ಬಳು ಮಲಿಂಟ್ಸಿನ್. ಅವಳ ತಾಯಿಮಾತು ನಾವಾಟ್ಲ್, ಅಂದರೆ ಮೆಕ್ಸಿಕೊ ಕಣಿವೆಯ ಭಾಷೆ. ಚಿಕ್ಕವಳಿದ್ದಾಗಲೇ ಮಾಯಾ ಸೀಮೆಗೆ ಗುಲಾಮಳಾಗಿ ಬಂದಿದ್ದರಿಂದ ಮಾಯಾ ಭಾಷೆಯೂ ಬರುತ್ತಿತ್ತು. ಕೊರ್ಟೆಸ್ ಬಳಿ ಆಗಲೇ ಹೆರೋನಿಮೊ ದೆ ಅಗಿಲಾರ್ ಇದ್ದ. ಹಡಗು ಒಡೆದು ಎಂಟು ವರ್ಷ ಮಾಯಾ ಜನರ ಮಧ್ಯೆ ಬದುಕಿದ್ದ ಸ್ಪ್ಯಾನಿಷ್. ಹೀಗೆ ಒಂದು ಸರಪಳಿ ಆಯಿತು. ನಾವಾಟ್ಲ್ ಮಾತನ್ನು ಅವಳು ಮಾಯಾಕ್ಕೆ ತಿರುಗಿಸುತ್ತಿದ್ದಳು. ಅವನು ಅದನ್ನು ಸ್ಪ್ಯಾನಿಷ್‌ಗೆ. ಕೆಲವೇ ತಿಂಗಳಲ್ಲಿ ಅವಳೇ ಸ್ಪ್ಯಾನಿಷ್ ಕಲಿತಳು. ರೆಕೆರಿಮಿಯೆಂತೊ ಓದಿದವರಿಗೆ ಇಲ್ಲದ್ದು ಕೊರ್ಟೆಸ್‌ಗೆ ಸಿಕ್ಕಿತು. ಎದುರಿನವರ ಮಾತು ಅವನಿಗೆ ಅರ್ಥವಾಗತೊಡಗಿತು.

ಅರ್ಥವಾದದ್ದು ಏನು? ಇದು ಒಂದು ದೇಶ ಅಲ್ಲ ಅನ್ನುವುದು. ನಾವು ಅಸ್ಟೆಕ್ ಸಾಮ್ರಾಜ್ಯ ಅನ್ನುವುದು ನಿಜವಾಗಿ ಮೂರು ನಗರಗಳ ಕೂಟ. ಟೆನೊಚ್‌ಟಿಟ್ಲಾನ್, ಟೆಸ್ಕೊಕೊ, ಟ್ಲಾಕೊಪಾನ್. ಟೆನೊಚ್‌ಟಿಟ್ಲಾನ್‌ನ ಜನ ತಮ್ಮನ್ನು ಮೆಶಿಕಾ ಎಂದು ಕರೆದುಕೊಳ್ಳುತ್ತಿದ್ದರು. ಕೂಟ ಸೋಲಿಸಿದ ಊರುಗಳು ಬಟ್ಟೆ, ಕೋಕೊ, ಮೆಕ್ಕೆಜೋಳ, ಹಕ್ಕಿಯ ಗರಿ ಎಂದು ಕಪ್ಪ ಕೊಡುತ್ತಿದ್ದವು. ಕೊಡುವಾಗ ಹಲ್ಲು ಕಚ್ಚಿಕೊಂಡೇ ಕೊಡುತ್ತಿದ್ದವು. ಕಿಯಾವಿಸ್ಟ್ಲಾನ್ ಎಂಬ ಊರಿಗೆ ಮೆಶಿಕಾಗಳ ಐವರು ಕಪ್ಪದ ಅಧಿಕಾರಿಗಳು ಬಂದಾಗ, ಅವರನ್ನು ಹಿಡಿದು ಕಟ್ಟಿಹಾಕಿ ಎಂದು ಕೊರ್ಟೆಸ್ ಊರಿನವರಿಗೆ ಧೈರ್ಯ ತುಂಬಿದ. ಅವರು ಕಟ್ಟಿಹಾಕಿದರು. ರಾತ್ರಿ ಅವನೇ ಇಬ್ಬರನ್ನು ಗುಟ್ಟಾಗಿ ಬಿಡಿಸಿ, ನಾನು ನಿಮ್ಮ ಅರಸನ ಗೆಳೆಯ ಎಂದು ಹೇಳಿ ಕಳಿಸಿದ. ಊರಿನವರು ಇನ್ನು ಹಿಂದೆ ಹೋಗುವಂತಿರಲಿಲ್ಲ. ಮೆಶಿಕಾ ಅರಸ ಮೊಕ್ಟೆಜುಮಾನಿಗೆ ಇವನು ಮಿತ್ರನೋ ಶತ್ರುವೋ ತಿಳಿಯಲಿಲ್ಲ.

ಮೆಶಿಕಾಗಳಿಗೆ ಬಗ್ಗದ ರಾಜ್ಯವೂ ಒಂದಿತ್ತು. ಟ್ಲಾಸ್ಕಾಲಾ. ಸುತ್ತಲೂ ಶತ್ರುಗಳೇ. ದಾರಿ ಮುಚ್ಚಿದ್ದರಿಂದ ಅವರಿಗೆ ಹತ್ತಿ ಸಿಗುತ್ತಿರಲಿಲ್ಲ, ಉಪ್ಪು ಸಿಗುತ್ತಿರಲಿಲ್ಲ. ವರ್ಷಗಟ್ಟಲೆ ಉಪ್ಪಿಲ್ಲದ ಊಟ ಮಾಡಿದ ಜನ ಅವರು. ಕೊರ್ಟೆಸ್ ಬಂದಾಗ ಮೊದಲು ಅವರೇ ಅವನ ಮೇಲೆ ಬಿದ್ದರು. ದಿನಗಟ್ಟಲೆ ಕಾದಾಡಿದರು. ಕುದುರೆ ಸತ್ತವು, ಸ್ಪೇನಿನವರು ಗಾಯಗೊಂಡರು. ಇನ್ನಷ್ಟು ದಿನ ಹೋರಾಡಿದ್ದರೆ ಕೊರ್ಟೆಸ್‌ನ ಕಥೆ ಅಲ್ಲೇ ಮುಗಿಯುತ್ತಿತ್ತು ಎಂದು ನನಗೆ ಅನಿಸುತ್ತದೆ. ಆದರೆ ಅವರ ಹಿರಿಯರು ಕೂತು ಲೆಕ್ಕ ಹಾಕಿದರು. ಈ ಹೊಸಬರ ಉಕ್ಕಿನ ಕತ್ತಿ, ಅಡ್ಡಬಿಲ್ಲು, ಕುದುರೆ ನಮ್ಮ ಕಡೆ ಇದ್ದರೆ ಮೆಶಿಕಾಗಳನ್ನು ಮುರಿಯಬಹುದು. 1519ರ ಸೆಪ್ಟೆಂಬರ್‌ನಲ್ಲಿ ಒಪ್ಪಂದವಾಯಿತು. ಅವರ ಕಣ್ಣಿನಲ್ಲಿ ಅದು ಶರಣಾಗತಿ ಅಲ್ಲ. ಬಾಡಿಗೆಗೆ ಸಿಕ್ಕ ಪಡೆಯೊಂದನ್ನು ತಮ್ಮ ಹಳೇ ಯುದ್ಧಕ್ಕೆ ಸೇರಿಸಿಕೊಂಡದ್ದು.

ಈ ಯುದ್ಧವನ್ನು ಟ್ಲಾಸ್ಕಾಲಾದವರು ಮುಂದೆ 1550ರ ದಶಕದಲ್ಲಿ ದೊಡ್ಡ ಬಟ್ಟೆಯ ಮೇಲೆ ಚಿತ್ರಗಳಲ್ಲಿ ಬರೆದರು. ಮೂಲ ಬಟ್ಟೆ ಕಳೆದುಹೋಗಿದೆ, ನಕಲುಗಳು ಉಳಿದಿವೆ. ಅದನ್ನು ನೋಡಿದರೆ ಯುದ್ಧ ಯಾರದ್ದು ಎಂದು ಗೊತ್ತಾಗುತ್ತದೆ. ಗರಿಯ ಬಾವುಟ ಬೆನ್ನಿಗೆ ಕಟ್ಟಿಕೊಂಡ ಟ್ಲಾಸ್ಕಾಲಾದ ವೀರರು ಸ್ಪೇನಿನ ಕುದುರೆಗಳ ಜೊತೆ ಜೊತೆಯಲ್ಲಿ ನುಗ್ಗುತ್ತಾರೆ. ಮಾತುಕತೆ ನಡೆಯುವ ಚಿತ್ರಗಳಲ್ಲಿ ಮಲಿಂಟ್ಸಿನ್ ನಡುವೆ ನಿಂತು ಕೈ ತೋರಿಸಿ ಮಾತಾಡುತ್ತಿರುತ್ತಾಳೆ. ಕೊರ್ಟೆಸ್‌ನನ್ನೇ ಜನ ಮಲಿಂಚೆ ಎಂದು ಕರೆಯುತ್ತಿದ್ದರು. ಮಲಿಂಟ್ಸಿನ್‌ಳ ಒಡೆಯ ಎಂದು. ಇಂದು ಮೆಕ್ಸಿಕೊದಲ್ಲಿ ಅವಳ ಹೆಸರಿನಿಂದ ಹುಟ್ಟಿದ ಮಾತನ್ನು ದ್ರೋಹಿ ಎಂಬ ಅರ್ಥದಲ್ಲಿ ಬಳಸುತ್ತಾರೆ. ಅದು ಅನ್ಯಾಯ. ಮೆಕ್ಸಿಕೊ ಎಂಬ ದೇಶವೇ ಆಗ ಇರಲಿಲ್ಲ. ಅವಳನ್ನು ಮಾರಿದವರಿಗೆ ಅವಳು ಯಾವ ಋಣ ತೀರಿಸಬೇಕಿತ್ತು?

1519ರ ನವೆಂಬರ್ 8ರಂದು ಅವರು ಟೆನೊಚ್‌ಟಿಟ್ಲಾನ್ ಒಳಗೆ ನಡೆದು ಹೋದರು. ಕೆರೆಯ ನಡುವಿನ ನಗರ. ಕೆರೆಗೆ ಅಡ್ಡಲಾಗಿ ಕಟ್ಟಿದ ಏರಿಗಳ ಮೇಲೆ ರಸ್ತೆ. ಚಪುಲ್ಟೆಪೆಕ್ ಬುಗ್ಗೆಯಿಂದ ಕುಡಿಯುವ ನೀರು ತರುವ ಕಾಲುವೆ. ಸಾವಿರಾರು ಜನ ಸೇರುವ ಟ್ಲಾಟೆಲೊಲ್ಕೊ ಸಂತೆ. ಬಂದ ಸೈನಿಕರಲ್ಲಿ ಹಲವರು ಅಷ್ಟು ದೊಡ್ಡ ಊರನ್ನು ಸ್ಪೇನ್‌ನಲ್ಲೇ ನೋಡಿರಲಿಲ್ಲ. ಮೊಕ್ಟೆಜುಮಾ ಕೊರ್ಟೆಸ್‌ನನ್ನು ಕೇತ್ಸಲ್‌ಕೋಟ್ಲ್ ದೇವರು ಅಂದುಕೊಂಡು ಸೋತ ಎಂಬ ಕಥೆ ಬಹಳ ಪ್ರಸಿದ್ಧ. ಕೊರ್ಟೆಸ್ ಸ್ಪೇನ್ ಅರಸನಿಗೆ ಬರೆದ ಪತ್ರಗಳಲ್ಲಿ ಆ ದೇವರ ಹೆಸರೇ ಇಲ್ಲ. ಕಥೆ ಹುಟ್ಟಿದ್ದು ದಶಕಗಳ ನಂತರ.

ಸ್ಪೇನಿನವರು ಮೊಕ್ಟೆಜುಮಾನನ್ನು ಸೆರೆಯಲ್ಲಿಟ್ಟರು. 1520ರ ಮೇ ತಿಂಗಳಲ್ಲಿ ಕೊರ್ಟೆಸ್ ಊರಲ್ಲಿಲ್ಲದಾಗ ಅವನ ನಾಯಕ ಅಲ್ವರಾದೊ ಟೊಶ್ಕಾಟ್ಲ್ ಹಬ್ಬದಲ್ಲಿ ಆಯುಧವಿಲ್ಲದೆ ಕುಣಿಯುತ್ತಿದ್ದವರನ್ನು ಬಾಗಿಲು ಮುಚ್ಚಿ ಕೊಲ್ಲಿಸಿದ. ನಗರ ಎದ್ದಿತು. ಮೊಕ್ಟೆಜುಮಾ ಸತ್ತ. ಜೂನ್ 30ರ ರಾತ್ರಿ ಸ್ಪೇನಿನವರು ಮಳೆಯಲ್ಲಿ ಕದ್ದು ಓಡಿದರು. ಏರಿಯ ಮೇಲೆ, ನೀರಿನಲ್ಲಿ ನೂರಾರು ಸ್ಪ್ಯಾನಿಷರು, ಅವರಿಗಿಂತ ಹೆಚ್ಚು ಟ್ಲಾಸ್ಕಾಲಾದವರು ಸತ್ತರು. ಬಂದೂಕು ಕುದುರೆಗಳಿಂದಲೇ ಯುದ್ಧ ತೀರ್ಮಾನವಾಗುವುದಿದ್ದರೆ, ಅದು ಆ ರಾತ್ರಿ ತೀರ್ಮಾನವಾಗಿತ್ತು. ಸ್ಪೇನ್ ಸೋತಿತ್ತು.

ಅಳಿದುಳಿದವರು ಓಡಿ ಹೋದದ್ದು ಟ್ಲಾಸ್ಕಾಲಾಕ್ಕೆ. ಅಲ್ಲಿಗೆ ಮೆಶಿಕಾಗಳ ದೂತರೂ ಬಂದರು. ಹಳೇ ಜಗಳ ಬಿಡೋಣ, ಇವರನ್ನು ಮುಗಿಸೋಣ ಅಂದರು. ಯುವ ನಾಯಕ ಶಿಕೊಟೆಂಕಾಟ್ಲ್ ಆಗಬಹುದು ಅಂದ. ಹಿರಿಯರು ಬೇಡ ಅಂದರು. ಸ್ಪೇನಿನವರಿಗೆ ಊಟ ಹಾಕಿ, ಗಾಯಕ್ಕೆ ಮದ್ದು ಹಚ್ಚಿದರು. ಈ ಒಂದು ಸಭೆಯಲ್ಲಿ ಮಾತು ಬೇರೆ ಆಗಿದ್ದರೆ ಏನಾಗುತ್ತಿತ್ತು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಕೆರೆಯ ನಗರವನ್ನು ಮುತ್ತಲು ದೋಣಿ ಬೇಕಿತ್ತು. ಟ್ಲಾಸ್ಕಾಲಾದ ಮರದಲ್ಲಿ 13 ದೊಡ್ಡ ದೋಣಿ ಕಟ್ಟಿದರು. ಆಮೇಲೆ ಬಿಡಿ ಬಿಡಿಯಾಗಿ ಬಿಚ್ಚಿ, ಹಲಗೆ, ಹಗ್ಗ, ಮೊಳೆ ಸಮೇತ ಹೊತ್ತು ಬೆಟ್ಟ ದಾಟಿಸಿದರು. 8,000 ಜನ ಹೊತ್ತರು ಎಂದು ಕೊರ್ಟೆಸ್ ಬರೆದಿದ್ದಾನೆ. ಅವರ ಸಾಲು ಟೆಸ್ಕೊಕೊ ಊರಿನೊಳಗೆ ಬರಲು ಗಂಟೆಗಟ್ಟಲೆ ಹಿಡಿಯಿತು. ಮತ್ತೆ ಟೆಸ್ಕೊಕೊ ಯಾವುದು? ಮೂರು ನಗರಗಳ ಕೂಟದಲ್ಲೇ ಒಂದು. ಅಲ್ಲಿ ಗಾದಿಗಾಗಿ ಅಣ್ಣತಮ್ಮಂದಿರ ಜಗಳವಿತ್ತು. ಮೆಶಿಕಾಗಳ ಮೇಲೆ ಸಿಟ್ಟಿದ್ದ ಇಶ್ಟ್ಲಿಲ್‌ಶೋಚಿಟ್ಲ್ ಎಂಬ ರಾಜಕುಮಾರ ಸ್ಪೇನಿನ ಕಡೆ ಸೇರಿದ್ದ. ಕೊನೆಯ ಮುತ್ತಿಗೆಯಲ್ಲಿ ಸ್ಪೇನಿನವರು ಸುಮಾರು 900 ಜನ. ಅವರ ಜೊತೆಗೆ ನಿಂತ ಸ್ಥಳೀಯರು ಹತ್ತಾರು ಸಾವಿರ.

ನಗರದ ಒಳಗೆ ಅಷ್ಟರಲ್ಲಿ ಸಿಡುಬು ನುಗ್ಗಿತ್ತು. 1520ರಲ್ಲಿ ಕ್ಯೂಬಾದಿಂದ ಬಂದ ಇನ್ನೊಂದು ಹಡಗುಪಡೆಯ ಜೊತೆ ಅದು ಬಂದಿತ್ತು. ನಮ್ಮ ಊರುಗಳಲ್ಲಿ ಅಮ್ಮ ಬಂದಿದೆ ಅನ್ನುತ್ತಿದ್ದರಲ್ಲ, ಮಾರಮ್ಮನಿಗೆ ಹರಕೆ ಹೊರುತ್ತಿದ್ದರಲ್ಲ, ಅದೇ ರೋಗ. ಏಷ್ಯಾ, ಯುರೋಪ್, ಆಫ್ರಿಕಾದಲ್ಲಿ ಅದು ತಲೆತಲಾಂತರದಿಂದ ಇತ್ತು. ಬಹುಪಾಲು ದೊಡ್ಡವರಿಗೆ ಚಿಕ್ಕಂದಿನಲ್ಲೇ ಬಂದು ಹೋಗಿರುತ್ತಿತ್ತು. ಒಮ್ಮೆ ಬಂದು ಬದುಕಿದವರಿಗೆ ಮತ್ತೆ ಬರುವುದಿಲ್ಲ. ಹಾಗಾಗಿ ಮನೆಯಲ್ಲಿ ಮಗು ಮಲಗಿದರೆ ನೀರು ಕೊಡಲು ಯಾರಾದರೂ ಇರುತ್ತಿದ್ದರು. ಮೆಕ್ಸಿಕೊದಲ್ಲಿ ಯಾರಿಗೂ ಬಂದಿರಲಿಲ್ಲ. ಅಜ್ಜಿ, ಅಪ್ಪ, ಅಮ್ಮ, ಮಗು ಎಲ್ಲರೂ ಒಟ್ಟಿಗೆ ಮಲಗಿದರು. ನಾವಾಟ್ಲ್ ಮಾತಾಡುವ ನಾವಾ ಜನರ ಹಿರಿಯರು ಮುಂದೆ ಬೆರ್ನಾರ್ದಿನೊ ದೆ ಸಾಗುನ್ ಎಂಬ ಪಾದ್ರಿಯ ಜೊತೆ ಕೂತು ಬರೆಸಿದ ನೆನಪುಗಳಲ್ಲಿ ಇದು ಹೀಗಿದೆ: ನಡೆಯಲು ಆಗುತ್ತಿರಲಿಲ್ಲ, ಮಗ್ಗುಲು ಹೊರಳಲು ಆಗುತ್ತಿರಲಿಲ್ಲ, ಹೊರಳಿದರೆ ನೋವಿಗೆ ಕೂಗುತ್ತಿದ್ದರು. ಎಷ್ಟೋ ಜನ ಸತ್ತದ್ದು ರೋಗಕ್ಕಲ್ಲ, ಹಸಿವಿಗೆ. ಊಟ ಕೊಡಲು ಎದ್ದು ನಿಲ್ಲುವವರು ಇರಲಿಲ್ಲ. ಮೊಕ್ಟೆಜುಮಾನ ನಂತರ ಬಂದ ಅರಸ ಕ್ವಿಟ್ಲಾವಾಕ್ ಎಂಬತ್ತು ದಿನಗಳಲ್ಲೇ ಇದಕ್ಕೆ ಬಲಿಯಾದ.

ರೋಗ ಸ್ಪೇನಿನ ಕಡೆಯ ಟ್ಲಾಸ್ಕಾಲಾವನ್ನೂ ಬಿಡಲಿಲ್ಲ. ಅದು ಪಕ್ಷ ನೋಡಲಿಲ್ಲ. ಆದರೆ ಸತ್ತ ನಾಯಕರ ಜಾಗಕ್ಕೆ ಯಾರು ಬರಬೇಕು ಎಂಬ ಜಗಳಗಳಲ್ಲಿ ಕೊರ್ಟೆಸ್ ತನಗೆ ಬೇಕಾದವರನ್ನು ಕೂರಿಸಿದ. ಮುತ್ತಿಗೆ ಹಾಕಿದವರು ನಗರಕ್ಕೆ ಕುಡಿಯುವ ನೀರು ತರುವ ಕಾಲುವೆ ಒಡೆದರು. ಕ್ವಾಟೆಮೊಕ್ ಎಂಬ ಯುವ ಅರಸನ ಕೆಳಗೆ ಮೆಶಿಕಾಗಳು ಎರಡೂವರೆ ತಿಂಗಳು ಬೀದಿ ಬೀದಿಯಲ್ಲಿ ಹೋರಾಡಿದರು. ಹಲ್ಲಿ, ಜೊಂಡು, ಚರ್ಮ ತಿಂದರು. 1521ರ ಆಗಸ್ಟ್ 13ರಂದು ನಗರ ಬಿತ್ತು. ಅದರ ಕಲ್ಲುಗಳ ಮೇಲೆ ಇಂದಿನ ಮೆಕ್ಸಿಕೊ ಸಿಟಿ ನಿಂತಿದೆ.

ಬೇರೆ ಕಡೆ

ಪೆರುವಿನಲ್ಲೂ ಇದೇ ಆಯಿತು. ಫ್ರಾನ್ಸಿಸ್ಕೊ ಪಿಸಾರೊ 168 ಜನರ ಜೊತೆ 1532ರ ನವೆಂಬರ್‌ನಲ್ಲಿ ಕಹಾಮಾರ್ಕಾದಲ್ಲಿ ಇಂಕಾ ಅರಸ ಅತಾವಾಲ್ಪಾನನ್ನು ಹಿಡಿದ. ಆಗಷ್ಟೇ ಇಂಕಾಗಳ ಅಣ್ಣತಮ್ಮಂದಿರ ಯುದ್ಧ ಮುಗಿದು ನಾಡು ಎರಡು ಹೋಳಾಗಿತ್ತು. ಸೋತ ಕಡೆಯವರು ಪಿಸಾರೊ ಜೊತೆ ಸೇರಿದರು. ಆದರೂ ಇಂಕಾಗಳು ಕಾಡಿನ ವಿಲ್ಕಾಬಂಬಾದಿಂದ 1572ರವರೆಗೆ ಎದುರು ನಿಂತರು. ಮಾಯಾ ಜನರ ಕೊನೆಯ ರಾಜ್ಯ ಬಿದ್ದದ್ದು 1697ರಲ್ಲಿ. ಚಿಲಿಯ ಮಾಪುಚೆ ಜನರನ್ನು ಸ್ಪೇನ್ ಮಣಿಸಲಾಗದೆ 1641ರಲ್ಲಿ ಅವರ ಜೊತೆ ಒಪ್ಪಂದ ಮಾಡಿಕೊಂಡಿತು. ಎರಡು ವರ್ಷದಲ್ಲಿ ಖಂಡ ಗೆದ್ದರು ಅನ್ನುವ ಮಾತಿನಲ್ಲಿ ಈ ಹೆಸರುಗಳು ಎಲ್ಲೋ ಬಿದ್ದುಹೋಗಿವೆ.

ಉತ್ತರದಲ್ಲಿ ಇಂಗ್ಲಿಷರು ತಡವಾಗಿ ಬಂದರು. 1607ರಲ್ಲಿ ಜೇಮ್ಸ್‌ಟೌನ್, 1620ರಲ್ಲಿ ಪ್ಲಿಮತ್. ಪ್ಲಿಮತ್‌ಗೆ ಬಂದವರಿಗೆ ಕಾಡು ಕಡಿದ, ಉತ್ತ ಹೊಲಗಳಿರುವ, ಜನರೇ ಇಲ್ಲದ ಜಾಗ ಸಿಕ್ಕಿತು. ದೇವರೇ ಕೊಟ್ಟದ್ದು ಅಂದುಕೊಂಡರು. ಅದು ಪಟುಕ್ಸೆಟ್ ಎಂಬ ಊರು. ನಾಲ್ಕು ವರ್ಷದ ಹಿಂದೆ ಶುರುವಾದ ಸಾಂಕ್ರಾಮಿಕ ಊರನ್ನೇ ಖಾಲಿ ಮಾಡಿತ್ತು. ಆ ಊರಿನ ಟಿಸ್ಕ್ವಾಂಟಮ್ ಎಂಬವನನ್ನು 1614ರಲ್ಲಿ ಒಬ್ಬ ಇಂಗ್ಲಿಷ್ ಕ್ಯಾಪ್ಟನ್ ಹಿಡಿದು ಸ್ಪೇನ್‌ನಲ್ಲಿ ಮಾರಲು ಒಯ್ದಿದ್ದ. ಅವನು ಅಲ್ಲಿಂದ ತಪ್ಪಿಸಿಕೊಂಡು, ಇಂಗ್ಲೆಂಡ್ ಸೇರಿ, ಇಂಗ್ಲಿಷ್ ಕಲಿತು, 1619ರಲ್ಲಿ ಊರಿಗೆ ಬಂದ. ಊರೇ ಇರಲಿಲ್ಲ. ಹೊಸಬರಿಗೆ ಮೆಕ್ಕೆಜೋಳ ಬಿತ್ತುವುದನ್ನು ಕಲಿಸಿಕೊಟ್ಟವನು ಅವನೇ.

ಗೆದ್ದ ನೆಲದಿಂದ ಹೊರಟ ಸಂಪತ್ತು ನಮ್ಮ ಕರಾವಳಿಗೂ ಬಂತು. 1545ರಲ್ಲಿ ಈಗಿನ ಬೊಲಿವಿಯಾದ ಪೊಟೊಸಿಯಲ್ಲಿ ಬೆಳ್ಳಿಯ ಬೆಟ್ಟ ಸಿಕ್ಕಿತು. 1570ರ ದಶಕದಿಂದ ಆಂಡಿಸ್‌ನ ಊರುಗಳು ಸರದಿಯ ಮೇಲೆ ವರ್ಷಕ್ಕೆ ಸುಮಾರು 13,000 ಗಂಡಸರನ್ನು ಆ ಗಣಿಗೆ ಕಳಿಸಬೇಕಾಯಿತು. ಆ ಬೆಳ್ಳಿಯ ನಾಣ್ಯಗಳನ್ನು ಕೊಟ್ಟೇ ಯುರೋಪಿನವರು ಇಲ್ಲಿ ಮೆಣಸು, ಬಟ್ಟೆ ಕೊಂಡರು. ಮೊಗಲರ ರೂಪಾಯಿಯಲ್ಲಿ ಕರಗಿದ ಬೆಳ್ಳಿಯಲ್ಲಿ ದೊಡ್ಡ ಪಾಲು ಅಮೆರಿಕದ್ದು. ದುಡಿಯುವ ಸ್ಥಳೀಯರು ಸತ್ತು ಮುಗಿದ ಕಡೆ, ಕಬ್ಬಿನ ತೋಟಗಳಿಗೆ ಆಫ್ರಿಕಾದವರನ್ನು ತಂದರು. ಮುಂದಿನ ಮೂರೂವರೆ ಶತಮಾನದಲ್ಲಿ ಸುಮಾರು ಒಂದೂಕಾಲು ಕೋಟಿ ಜನರನ್ನು ಹಡಗಿಗೆ ಹತ್ತಿಸಿದರು. ಹದಿನೆಂಟು ಲಕ್ಷದಷ್ಟು ಜನ ತೀರ ಕಾಣಲಿಲ್ಲ.

ಟ್ಲಾಸ್ಕಾಲಾದವರು ತಮ್ಮ ಪಾಲಿನ ಗೆಲುವಿನ ನೆನಪನ್ನು ಬಿಡಲಿಲ್ಲ. ಸ್ಪೇನ್‌ಗೆ ನಿಯೋಗ ಕಳಿಸಿ, ಅರಸನಿಗೆ ತಮ್ಮ ಸೇವೆ ನೆನಪಿಸಿ, ಕೆಲವು ಹಕ್ಕುಗಳನ್ನು ಉಳಿಸಿಕೊಂಡರು. ಅವರ ನೆರೆಯ ವೆಹೊಟ್ಸಿಂಗೊ ಊರಿಗೆ ಅದೂ ಸಿಗಲಿಲ್ಲ. 1560ರಲ್ಲಿ ಆ ಊರಿನ ಪಂಚರು ಸ್ಪೇನ್ ಅರಸ ಎರಡನೇ ಫಿಲಿಪ್‌ಗೆ ನಾವಾಟ್ಲ್ ಭಾಷೆಯಲ್ಲಿ ಒಂದು ಪತ್ರ ಬರೆದರು. ಅದು ಇಂದಿಗೂ ಉಳಿದಿದೆ. ನಾವು ನಿಮ್ಮವರ ಮೇಲೆ ಒಂದು ಬಾಣವನ್ನೂ ಬಿಡಲಿಲ್ಲ ಅನ್ನುತ್ತಾರೆ. ಊಟ ಕೊಟ್ಟೆವು, ನಿಮ್ಮ ಗಾಯಾಳುಗಳನ್ನು ಬೆನ್ನ ಮೇಲೆ ಹೊತ್ತೆವು, ಮೆಶಿಕಾಗಳನ್ನು ಗೆದ್ದ ದೋಣಿಗಳಿಗೆ ಮರ ಮತ್ತು ರಾಳ ಕೊಟ್ಟೆವು. ಈಗ ನಮ್ಮ ಮೇಲೆ ಹಾಕಿರುವ ತೆರಿಗೆಯಲ್ಲಿ ಊರೇ ಮುಗಿದುಹೋಗುತ್ತದೆ, ಕಡಿಮೆ ಮಾಡಿ. ನಿಮ್ಮ ಎದುರು ಬಂದು ನಿಂತು ಇದನ್ನೆಲ್ಲ ಹೇಳಿಕೊಳ್ಳುವ ಆಸೆ ಇದೆ. ಆದರೆ ನಾವು ಬಡವರು. ಹಡಗಿನಲ್ಲಿ ಬರಲು ಬೇಕಾದದ್ದು ನಮ್ಮ ಬಳಿ ಇಲ್ಲ.